ಏಳು ಸಂಖ್ಯೆಯ ಕನ್ನಡ, ಐದು ಸಂಖ್ಯೆಯ ಕನ್ನಡ

ಇಪ್ಪತ್ತು ವರ್ಷ ಹಳೆಯ ಕನ್ನಡ ಫೈಲೊಂದನ್ನು ಇಂದಿನ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ತೆರೆದವರಿಗೆ ಈ ದೃಶ್ಯ ಗೊತ್ತಿರುತ್ತದೆ. ‘ಕನ್ನಡ’ ಎಂದು ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ಪಿ, ಪಕ್ಕದಲ್ಲಿ ನೆತ್ತಿಯ ಮೇಲೆ ಓರೆಗೆರೆ ಹೊತ್ತ ದೊಡ್ಡ ಎ, ಆಮೇಲೆ ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ ಬರಹದ ಒಂದು ವಿಚಿತ್ರ ಅಕ್ಷರ, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಅದೇ ಎ. ‘ಫೈಲ್ ಕೆಟ್ಟುಹೋಗಿದೆ’ ಎಂದುಕೊಂಡು ಅಳಿಸಿಬಿಟ್ಟವರೂ ಇದ್ದಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಏಕೆಂದರೆ ಆ ಫೈಲ್ ಕೆಟ್ಟಿರುವುದಿಲ್ಲ. ಬರೆದ ದಿನ ಅದರೊಳಗೆ ಏನಿತ್ತೋ ಇಂದೂ ಅದೇ ಇದೆ: 80, 192, 163, 192, 223, 113, 192. ಈ ಏಳು ಸಂಖ್ಯೆಗಳನ್ನು ಅಂದು ಒಂದು ಪಟ್ಟಿ ಹಿಡಿದು ಓದಿದ್ದರು, ಇಂದು ಇನ್ನೊಂದು ಪಟ್ಟಿ ಹಿಡಿದು ಓದುತ್ತಿದ್ದೇವೆ.

ಕಂಪ್ಯೂಟರ್ ಅಕ್ಷರಗಳನ್ನು ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಅದು ಅಕ್ಷರವನ್ನು ಇಟ್ಟುಕೊಳ್ಳುವುದೇ ಇಲ್ಲ. ಬರೀ ಸಂಖ್ಯೆ ಇಟ್ಟುಕೊಳ್ಳುತ್ತದೆ. ಯಾವ ಸಂಖ್ಯೆ ಯಾವ ಅಕ್ಷರ ಎಂಬುದು ಮನುಷ್ಯರು ಕೂತು ಮಾಡಿಕೊಂಡ ಒಪ್ಪಂದ.

ಅರೆಪಾವು, ಪಾವು, ಅಚ್ಚೇರು, ಸೇರು

ಸಂಖ್ಯೆಯನ್ನೂ ಅದು ನಮ್ಮಂತೆ ಬರೆದುಕೊಳ್ಳುವುದಿಲ್ಲ. ಒಳಗಿರುವುದು ಎರಡೇ ಸ್ಥಿತಿಯ ಪುಟ್ಟ ಸ್ವಿಚ್ಚುಗಳು. ಆರಿದ್ದರೆ 0, ಹೊತ್ತಿದ್ದರೆ 1. ಇಂಥ ಒಂದು ಜಾಗಕ್ಕೆ ಬಿಟ್ ಎಂದು ಹೆಸರು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಎರಡೇ ಅಂಕಿಯಲ್ಲಿ ಎಲ್ಲ ಸಂಖ್ಯೆಯನ್ನೂ ಬರೆಯುವುದು ಹೇಗೆ ಎಂದು ಕೇಳುವ ಮಕ್ಕಳಿಗೆ ನಾನು ಅಜ್ಜಿಯ ಅಡುಗೆಮನೆಯ ಅಳತೆಗಳನ್ನು ನೆನಪಿಸುತ್ತೇನೆ. ಎರಡು ಅರೆಪಾವು ಸೇರಿದರೆ ಒಂದು ಪಾವು, ಎರಡು ಪಾವಿಗೆ ಒಂದು ಅಚ್ಚೇರು, ಎರಡು ಅಚ್ಚೇರಿಗೆ ಒಂದು ಸೇರು. ಪ್ರತಿ ಅಳತೆಯೂ ಹಿಂದಿನದರ ಎರಡರಷ್ಟು.

ಈ ನಾಲ್ಕು ಪಾತ್ರೆ ಇಟ್ಟುಕೊಂಡು, ಒಂದೊಂದನ್ನು ಒಂದೇ ಸಲ ಬಳಸಬಹುದು ಅಥವಾ ಬಳಸದೆಯೂ ಇರಬಹುದು ಎಂದು ನಿಯಮ ಮಾಡಿ. ಹದಿಮೂರು ಅರೆಪಾವಿನಷ್ಟು ಅಕ್ಕಿ ಅಳೆಯಬೇಕು. ಸೇರು ಒಂದು ಸಲ, ಅದು ಎಂಟು ಅರೆಪಾವು. ಅಚ್ಚೇರು ಒಂದು ಸಲ, ನಾಲ್ಕು. ಪಾವು ಬೇಡ. ಅರೆಪಾವು ಒಂದು. ಬಳಸಿದ ಕಡೆ 1, ಬಿಟ್ಟ ಕಡೆ 0 ಎಂದು ದೊಡ್ಡದರಿಂದ ಚಿಕ್ಕದಕ್ಕೆ ಬರೆದರೆ 1101. ಅದೇ ದ್ವಿಮಾನದಲ್ಲಿ ಹದಿಮೂರು. ನಾಲ್ಕು ಪಾತ್ರೆಯಲ್ಲಿ 0ಯಿಂದ 15ರವರೆಗೆ ಹದಿನಾರು ಬೇರೆ ಬೇರೆ ಅಳತೆ ಸಿಗುತ್ತದೆ. ಪಾತ್ರೆ ಒಂದು ಹೆಚ್ಚಿದರೆ ಅಳತೆಗಳು ಇಮ್ಮಡಿ: ಐದಕ್ಕೆ 32, ಏಳಕ್ಕೆ 128, ಎಂಟಕ್ಕೆ 256. ಮುಂದಿನ ಕತೆಯೆಲ್ಲ ಎಷ್ಟು ಪಾತ್ರೆ ಬೇಕು ಎಂಬ ಲೆಕ್ಕದ ಮೇಲೆಯೇ ನಿಂತಿದೆ.

ಐದು ಬಿಟ್‌ನಲ್ಲಿ ಅಕ್ಷರ ಕಳಿಸುವ ಕೆಲಸ ಕಂಪ್ಯೂಟರಿಗಿಂತ ಹಳೆಯದು. ಫ್ರಾನ್ಸಿನ ತಂತಿ ಇಲಾಖೆಯಲ್ಲಿದ್ದ ಎಮಿಲ್ ಬೋದೊ 1870ರ ದಶಕದಲ್ಲಿ ಐದು ಕೀಲಿಗಳ ಟೆಲಿಗ್ರಾಫ್ ಸಂಕೇತ ರೂಪಿಸಿದ. ಐದು ಕೀಲಿಗೆ 32 ಜೋಡಣೆ. ಇಂಗ್ಲಿಷಿಗೇ 26 ಅಕ್ಷರ ಬೇಕು, ಅಂಕಿಗೆ ಹತ್ತು ಬೇಕು, ಜಾಗ ಸಾಲದು. ಅದಕ್ಕೆ ಅವನು ಎರಡು ಪಟ್ಟಿ ಇಟ್ಟು, ‘ಇಲ್ಲಿಂದ ಮುಂದೆ ಇನ್ನೊಂದು ಪಟ್ಟಿಯಲ್ಲಿ ಓದಿ’ ಎಂದು ಹೇಳುವ ಸಂಕೇತವನ್ನೂ ಸೇರಿಸಿದ. ಆ ಒಂದು ಸಂಕೇತ ದಾರಿಯಲ್ಲಿ ತಪ್ಪಿದರೆ ಮುಂದಿನದೆಲ್ಲ ಅರ್ಥವಿಲ್ಲದ ಸಾಲು. ತಪ್ಪು ಪಟ್ಟಿಯಲ್ಲಿ ಓದುವ ತೊಂದರೆ ಅಷ್ಟು ಹಿಂದಿನದು.

ಆಸ್ಕಿ ಪಟ್ಟಿಯ ಜಾಣತನ

ಅಮೆರಿಕದಲ್ಲಿ ಒಂದೊಂದು ತಯಾರಕರ ಯಂತ್ರಕ್ಕೆ ಒಂದೊಂದು ಸಂಕೇತ ಇದ್ದ ಕಾಲದಲ್ಲಿ, ಎಲ್ಲರಿಗೂ ಒಂದೇ ಇರಲಿ ಎಂದು 1963ರಲ್ಲಿ ಏಳು ಬಿಟ್‌ನ ಪಟ್ಟಿಯೊಂದು ಪ್ರಕಟವಾಯಿತು. ಅದೇ ಆಸ್ಕಿ. ಮೊದಲ ಪಟ್ಟಿಯಲ್ಲಿ ಸಣ್ಣ ಅಕ್ಷರಗಳೇ ಇರಲಿಲ್ಲ. ಅವು 1967ರ ಪರಿಷ್ಕರಣೆಯಲ್ಲಿ ನೆಲೆಯಾದವು. ಏಳು ಬಿಟ್ ಎಂದರೆ 128 ಸ್ಥಾನ. ಅದರಲ್ಲಿ 95 ಕಣ್ಣಿಗೆ ಕಾಣುವ ಅಕ್ಷರ, ಅಂಕಿ, ಗುರುತುಗಳಿಗೆ (ಖಾಲಿ ಜಾಗವೂ ಸೇರಿ). ಉಳಿದ 33 ಯಂತ್ರಕ್ಕೆ ಕೊಡುವ ಆಜ್ಞೆಗಳು: ಗಂಟೆ ಬಾರಿಸು, ಮುಂದಿನ ಸಾಲಿಗೆ ಹೋಗು, ಇಂಥವು.

ಈ ಪಟ್ಟಿಯನ್ನು ನಿಧಾನವಾಗಿ ನೋಡಿದರೆ ಮಾಡಿದವರ ಮೇಲೆ ಗೌರವ ಮೂಡುತ್ತದೆ. ದೊಡ್ಡ ಎ 65, ಅಂದರೆ 1000001. ಸಣ್ಣ ಎ 97, ಅಂದರೆ 1100001. ನಡುವಿನ ಅಂತರ 32; ಬದಲಾದದ್ದು ಒಂದೇ ಬಿಟ್. ಬಿಯಿಂದ ಜೆಡ್‌ವರೆಗೂ ಹೀಗೆಯೇ. ಹಾಗಾಗಿ ದೊಡ್ಡಕ್ಷರವನ್ನು ಸಣ್ಣದು ಮಾಡಲು ಯಂತ್ರ ಯಾವ ಕೋಷ್ಟಕವನ್ನೂ ಹುಡುಕಬೇಕಿಲ್ಲ, ಒಂದು ಸ್ವಿಚ್ ಒತ್ತಿದರೆ ಸಾಕು. ಅಂಕಿಗಳು 48ರಿಂದ ಶುರು: ಸೊನ್ನೆ 0110000, ಒಂದು 0110001, ಒಂಬತ್ತು 0111001. ಕೊನೆಯ ನಾಲ್ಕು ಬಿಟ್ ಓದಿದರೆ ಅದೇ ಆ ಅಂಕಿಯ ಬೆಲೆ.

ನನಗೆ ಬಹಳ ಇಷ್ಟವಾದದ್ದು 127. ಆಗ ಮಾಹಿತಿಯನ್ನು ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಇಡುತ್ತಿದ್ದರು. ತೂತಿದ್ದರೆ 1, ಇಲ್ಲದಿದ್ದರೆ 0. ತಪ್ಪು ಅಕ್ಷರ ಬಿದ್ದರೆ ಅಳಿಸುವುದು ಹೇಗೆ? ಕೊರೆದ ತೂತನ್ನು ಮುಚ್ಚಲಾಗದು. ಆದರೆ ಉಳಿದ ಜಾಗದಲ್ಲೂ ತೂತು ಕೊರೆಯಬಹುದು. ಯಾವ ಅಕ್ಷರವಿದ್ದರೂ ಏಳೂ ಕಡೆ ಕೊರೆದರೆ 1111111, ಅಂದರೆ 127. ‘ಇದನ್ನು ಬಿಟ್ಟು ಮುಂದೆ ಓದು’ ಎಂಬುದು ಅದರ ಅರ್ಥ. ಡಿಲೀಟ್ ಸಂಕೇತ ಇಂದಿಗೂ 127ರಲ್ಲೇ ಇದೆ.

ಇಷ್ಟು ಅಚ್ಚುಕಟ್ಟಾದ ಪಟ್ಟಿಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಗೆ ಜಾಗವಿರಲಿಲ್ಲ. ಬೈಟ್‌ನಲ್ಲಿ ಎಂಟು ಬಿಟ್ ಇರುವುದರಿಂದ ಮೇಲಿನ 128 ಸ್ಥಾನಗಳು, 128ರಿಂದ 255ರವರೆಗೆ, ಖಾಲಿ ಉಳಿದಿದ್ದವು. ಅವನ್ನು ಒಬ್ಬೊಬ್ಬರು ಒಂದೊಂದು ರೀತಿ ತುಂಬಿಕೊಂಡರು. ಪಶ್ಚಿಮ ಯುರೋಪಿನವರು ಗೆರೆ, ಚುಕ್ಕೆ ಹೊತ್ತ ತಮ್ಮ ಅಕ್ಷರಗಳನ್ನೂ ಪೌಂಡ್ ಗುರುತನ್ನೂ ಅಲ್ಲಿಟ್ಟರು. ನಮ್ಮ ಹಳೆಯ ಫೈಲಿನಲ್ಲಿ ಕಾಣುವ ಆ ಗೆರೆ ಹೊತ್ತ ಎ ಬಂದದ್ದು ಅಲ್ಲಿಂದ: ಅವರ ಪಟ್ಟಿಯಲ್ಲಿ ಅದು 192, ಪೌಂಡ್ 163, ಜರ್ಮನ್ ಅಕ್ಷರ 223.

ಚಿತ್ರವನ್ನು ಉಳಿಸಿದ ಕಾಲ

ಭಾರತದಲ್ಲಿ ಅದೇ ಜಾಗಕ್ಕೆ ಇನ್ನೊಂದು ಯೋಚನೆ ಬಂತು. ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಹೊರತಂದ ಇಸ್ಕಿ ಎಂಬ ಮಾನಕದಲ್ಲಿ ಕೆಳಗಿನ 128 ಸ್ಥಾನ ಆಸ್ಕಿಯದ್ದೇ, ಮೇಲಿನವು ಭಾರತೀಯ ಲಿಪಿಗಳವು. ಕನ್ನಡ, ದೇವನಾಗರಿ, ತೆಲುಗು, ಬಂಗಾಳಿ ಎಲ್ಲವೂ ಬ್ರಾಹ್ಮಿಯ ಮಕ್ಕಳು. ಕ ವರ್ಗ, ಚ ವರ್ಗ ಎಂಬ ಜೋಡಣೆ ಎಲ್ಲಕ್ಕೂ ಒಂದೇ. ಹಾಗಿದ್ದ ಮೇಲೆ ಎಲ್ಲ ಲಿಪಿಯ ‘ಕ’ಕಾರಕ್ಕೂ ಒಂದೇ ಸಂಖ್ಯೆ ಸಾಕು, ಯಾವ ಲಿಪಿಯಲ್ಲಿ ತೋರಿಸಬೇಕೆಂದು ಬೇರೊಂದು ಸಂಕೇತ ಹೇಳಲಿ ಎಂಬುದು ಅದರ ತಳಹದಿ. ಒಳ್ಳೆಯ ಯೋಚನೆ. ಆದರೆ ಧ್ವನಿಯ ಸಂಖ್ಯೆಯಿಂದ ಒತ್ತಕ್ಷರ, ಗುಣಿತಾಕ್ಷರಗಳ ರೂಪ ಕಟ್ಟುವ ಕೆಲಸವನ್ನು ಯಾರಾದರೂ ಮಾಡಬೇಕಲ್ಲ. ಆ ಕಾಲದ ಸಾಮಾನ್ಯ ತಂತ್ರಾಂಶಗಳಿಗೆ ಅದು ಬರುತ್ತಿರಲಿಲ್ಲ. ಒಂದು ಸಂಖ್ಯೆಗೆ ಒಂದು ಚಿತ್ರ, ಎಡದಿಂದ ಬಲಕ್ಕೆ ಸಾಲಾಗಿ ಇಡುವುದು, ಅಷ್ಟೇ ಅವುಗಳಿಗೆ ಗೊತ್ತಿದ್ದದ್ದು.

ಆಗ ನಮ್ಮವರು ಹಿಡಿದ ದಾರಿ ಫಾಂಟ್, ಅಂದರೆ ಯಾವ ಸಂಖ್ಯೆಗೆ ಯಾವ ಚಿತ್ರ ತೋರಿಸಬೇಕೆಂದು ಹೇಳುವ ಅಕ್ಷರಚಿತ್ರಗಳ ಕಟ್ಟು. ಇಂಗ್ಲಿಷಿನ ಪಿ ಅಕ್ಷರದ ಚಿತ್ರ ಇರಬೇಕಾದ 80ನೇ ಸ್ಥಾನದಲ್ಲಿ ತಲೆಕಟ್ಟಿಲ್ಲದ ‘ಕ’ದ ಒಡಲನ್ನು ಬರೆದಿಟ್ಟರು. 192ರಲ್ಲಿ ತಲೆಕಟ್ಟು. 163ರಲ್ಲಿ ‘ನ’ದ ಒಡಲು, 223ರಲ್ಲಿ ‘ನ’ ಒತ್ತು, 113ರಲ್ಲಿ ‘ಡ’ದ ಒಡಲು. ಈಗ ಮೊದಲ ಸಾಲಿಗೆ ಹಿಂತಿರುಗಿ ನೋಡಿ: ಕ, ತಲೆಕಟ್ಟು, ನ, ತಲೆಕಟ್ಟು, ನ ಒತ್ತು, ಡ, ತಲೆಕಟ್ಟು. ಏಳು ತುಂಡು ಸೇರಿ ‘ಕನ್ನಡ’. ಅಚ್ಚುಮೊಳೆ ಜೋಡಿಸುವ ಕೆಲಸವನ್ನೇ ಕಂಪ್ಯೂಟರಿನೊಳಗೆ ತಂದಂತೆ. ಇದು ನುಡಿ ತಂತ್ರಾಂಶದ ಹಳೆಯ ಫಾಂಟುಗಳ ಪಟ್ಟಿ. 1998ರಲ್ಲಿ ಬಂದ ಶೇಷಾದ್ರಿ ವಾಸು ಅವರ ‘ಬರಹ’ ತಂತ್ರಾಂಶ, ಕನ್ನಡ ಗಣಕ ಪರಿಷತ್ತಿನ ನುಡಿ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಇವೆಲ್ಲ ಇಲ್ಲದಿದ್ದರೆ ಕನ್ನಡ ಕಂಪ್ಯೂಟರಿಗೆ ಬರುವುದು ಎಷ್ಟು ತಡವಾಗುತ್ತಿತ್ತೋ! ಪುಸ್ತಕ, ಸರ್ಕಾರಿ ಕಡತ, ಮದುವೆ ಕರೆಯೋಲೆ, ಎಲ್ಲವೂ ಈ ದಾರಿಯಲ್ಲೇ ನಡೆದವು. ಆ ಕೆಲಸವನ್ನು ಇಂದು ಹಗುರವಾಗಿ ಮಾತಾಡುವವರ ಜತೆ ನನಗೆ ಒಪ್ಪಿಗೆಯಿಲ್ಲ.

ಕೊರತೆ ಇದ್ದದ್ದು ಬೇರೆ ಕಡೆ. ಫೈಲಿನಲ್ಲಿ ಉಳಿದದ್ದು ಅಕ್ಷರದ ಚಿತ್ರದ ತುಂಡುಗಳು. ಆ ಪಟ್ಟಿಯಲ್ಲಿ ‘ಕ’ದ ಒಡಲು 80; ‘ಕಿ’ಯ ರೂಪ ಬೇರೆಯಾದ್ದರಿಂದ ಅದಕ್ಕೆ 81 ಎಂಬ ಪ್ರತ್ಯೇಕ ಸಂಖ್ಯೆ. ‘ಕ’ಕ್ಕೂ ‘ಕಿ’ಗೂ ನಂಟಿದೆ ಎಂದು ಕಂಪ್ಯೂಟರಿಗೆ ತಿಳಿಯುವ ದಾರಿಯೇ ಇಲ್ಲ. ಅಕಾರಾದಿಯಾಗಿ ಜೋಡಿಸು ಎಂದರೆ ಅದು ಪಿ, ಕ್ಯೂ, ಪೌಂಡ್ ಎಂದು ಜೋಡಿಸುತ್ತದೆ. ಒಂದು ತಂತ್ರಾಂಶದ ಪಟ್ಟಿ ಇನ್ನೊಂದಕ್ಕೆ ಹೊಂದದಿದ್ದರೆ ಫೈಲಿನ ಜತೆ ಫಾಂಟನ್ನೂ ಕಳಿಸಬೇಕು. ಕಂಪ್ಯೂಟರಿನ ಕಣ್ಣಿಗೆ ಅದು ಕನ್ನಡವೇ ಅಲ್ಲ, ಕನ್ನಡದ ಬಟ್ಟೆ ತೊಟ್ಟ ಯುರೋಪಿನ ಅಕ್ಷರಗಳು.

3200ನೇ ಮನೆಯಿಂದ ಕನ್ನಡ

ಲೋಕದ ಎಲ್ಲ ಲಿಪಿಗೂ ಒಂದೇ ಪಟ್ಟಿ, ಯಾವ ಅಕ್ಷರದ ಸಂಖ್ಯೆಯೂ ಇನ್ನೊಂದರ ಜತೆ ಡಿಕ್ಕಿ ಹೊಡೆಯಬಾರದು. ಈ ಗುರಿಯ ಯುನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಬಂತು. ಕನ್ನಡ ಅದರಲ್ಲೇ ಇತ್ತು. ಒಟ್ಟು ಸ್ಥಾನಗಳು 11,14,112. ಈವರೆಗೆ ತುಂಬಿರುವುದು ಒಂದೂವರೆ ಲಕ್ಷಕ್ಕೂ ಸ್ವಲ್ಪ ಮೇಲೆ. ಕನ್ನಡಕ್ಕೆ ಮೀಸಲಾದ 128 ಮನೆಗಳು ನೆನಪಿಡಲು ಸುಲಭವಾದ 3200ರಿಂದ ಶುರುವಾಗುತ್ತವೆ. ‘ಅ’ 3205. ‘ಕ’ 3221.

ಭಾರತೀಯ ಲಿಪಿಗಳ ಜೋಡಣೆಯನ್ನು ಯುನಿಕೋಡ್ ಇಸ್ಕಿಯ ಹಳೆಯ ಆವೃತ್ತಿಯಿಂದ ತೆಗೆದುಕೊಂಡಿತು. ಹಾಗಾಗಿ ತೆಲುಗಿನ ಕ 3093, ಕನ್ನಡದ ಕ 3221, ಮಲಯಾಳದ ಕ 3349. ಸರಿಯಾಗಿ 128ರ ಅಂತರ. ಬೀದಿ ಬೇರೆ, ಮನೆ ನಂಬರ್ ಒಂದೇ ಇದ್ದ ಹಾಗೆ.

ಈಗ ‘ಕನ್ನಡ’ ಬರೆಯೋಣ: 3221, 3240, 3277, 3240, 3233. ಕ, ನ, ವಿರಾಮ, ನ, ಡ. ವಿರಾಮ ಎಂದರೆ ‘ನ’ದೊಳಗಿನ ಅಕಾರವನ್ನು ತೆಗೆದು ‘ನ್’ ಮಾಡುವ ಗುರುತು. ತಲೆಕಟ್ಟಿಗೆ ಸಂಖ್ಯೆಯಿಲ್ಲ, ಒತ್ತಿಗೂ ಬೇರೆ ಸಂಖ್ಯೆಯಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಪದವನ್ನು ಹೇಗೆ ಬಿಡಿಸಿ ಹೇಳಿದೆವೋ ಹಾಗೆಯೇ ಫೈಲಿನಲ್ಲಿ ಕೂತಿದೆ. ‘ಕಿ’ ಎಂದರೆ ಕ, ಆಮೇಲೆ ಇಕಾರದ ಗುಣಿತ ಚಿಹ್ನೆ. ‘ನ್’ ಮುಂದೆ ‘ನ’ ಬಂದರೆ ಕೆಳಗೆ ಒತ್ತಾಗಿ ತೋರಿಸಬೇಕು ಎಂಬ ನಿಯಮ ಫಾಂಟಿನೊಳಗೆ ಇರುತ್ತದೆ. ತೆರೆಗೆ ತರುವ ತಂತ್ರಾಂಶ ಅದನ್ನು ಓದಿ ರೂಪ ಕಟ್ಟುತ್ತದೆ. 2001ರ ವಿಂಡೋಸ್ ಎಕ್ಸ್‌ಪಿ ಜತೆ ತುಂಗಾ ಫಾಂಟ್ ಬಂದಾಗ ಈ ಅನುಕೂಲ ಬಹಳ ಮನೆಗಳನ್ನು ತಲುಪಿತು. ಆಕಾರದ ಹೊಣೆ ಫಾಂಟಿಗೆ, ಅಕ್ಷರದ ಹೊಣೆ ಸಂಖ್ಯೆಗೆ. ಕನ್ನಡದ ಮಟ್ಟಿಗೆ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ ಎಂದೇ ನಾನು ತಿಳಿದಿದ್ದೇನೆ. ಹುಡುಕಾಟ, ಓದಿ ಹೇಳುವ ಯಂತ್ರ, ಅನುವಾದ, ಎಲ್ಲವೂ ಇದಾದ ಮೇಲೆಯೇ ಸಾಧ್ಯವಾದದ್ದು.

ಕೆಲವು ಕಡೆ ನಿಯಮವನ್ನು ತಡೆಯಬೇಕಾಗುತ್ತದೆ. ರಾ, ಜ, ವಿರಾಮ, ಕು ಎಂದು ಸುಮ್ಮನೆ ಬರೆದರೆ ‘ರಾಜ್ಕುಮಾರ್’ ಆಗಿ ಜಕಾರಕ್ಕೆ ಕ ಒತ್ತು ಬೀಳುತ್ತದೆ. ನಡುವೆ 8204 ಎಂಬ, ಕಣ್ಣಿಗೆ ಕಾಣದ ಸಂಕೇತ ಇಟ್ಟರೆ ‘ರಾಜ್‌ಕುಮಾರ್’. ಅದರ ಪಕ್ಕದ ಮನೆಯ 8205 ಇನ್ನೊಂದು ಕೆಲಸಕ್ಕೆ: ರಕಾರದ ಮುಂದೆ ವಿರಾಮ, ಯ ಬಂದರೆ ಫಾಂಟ್ ಅರ್ಕಾವೊತ್ತು ಹಾಕುತ್ತದೆ, ‘ಸೂರ್ಯ’ದಲ್ಲಿ ಇರುವಂತೆ. ‘ರ‍್ಯಾಂಕ್’ನಲ್ಲಿ ಅದು ಬೇಡ, ರಕಾರಕ್ಕೆ ಯ ಒತ್ತು ಬೇಕು, ಆಗ ರ ಆದ ಕೂಡಲೇ 8205.

ತಪ್ಪುಗಳೂ ಇವೆ. ದೇವನಾಗರಿಯ ಸಾಲಿಗೆ ಹೊಂದಿಸಿದ್ದರಿಂದ ‘ಳ’ 3251ರಲ್ಲಿ, ‘ಸ’ 3256ರಲ್ಲಿ ಕೂತಿವೆ. ಬರೀ ಸಂಖ್ಯೆ ನೋಡಿ ಜೋಡಿಸಿದರೆ ‘ಹಳ್ಳಿ’ ಮೊದಲು, ‘ಹಸು’ ಆಮೇಲೆ. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹಕಾರದ ನಂತರ, ನಿಘಂಟಿನಲ್ಲಿ ಹಸುವೇ ಮುಂದೆ. ಕನ್ನಡ ಪಟ್ಟಿ ಜೋಡಿಸುವ ತಂತ್ರಾಂಶ ಬರೆಯುವವರು ಈ ಕ್ರಮವನ್ನು ಬೇರೆಯಾಗಿ ಹೇಳಿಕೊಡಬೇಕು. ಹಳಗನ್ನಡದ ‘ೞ’ಕ್ಕಂತೂ ಯುನಿಕೋಡ್‌ನಲ್ಲಿ ‘ಫ’ ಎಂದು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ಕಟ್ಟುನಿಟ್ಟಿನ ನಿಯಮ. ಆದ್ದರಿಂದ ತಪ್ಪು ಹೆಸರನ್ನು ಹಾಗೇ ಬಿಟ್ಟು ಸರಿಯಾದ ಹೆಸರನ್ನು ಅಡ್ಡಹೆಸರಾಗಿ ಸೇರಿಸಿದ್ದಾರೆ. ಸಂಖ್ಯೆ ಸರಿಯಾಗಿದೆ, ಹಳಗನ್ನಡದ ‘ಬಾೞ್’ ಬರೆಯಲು ಅಡ್ಡಿಯಿಲ್ಲ.

ಮೂರು ಡಬ್ಬಿಯ ರೈಲು

ಒಂದು ತೊಡಕು ಉಳಿದಿದೆ. 3221 ಒಂದು ಬೈಟ್‌ಗೆ ಹಿಡಿಯುವುದಿಲ್ಲ. ಬೈಟ್‌ನ ಮಿತಿ 255. ಇದಕ್ಕೆ ಇಂದು ಎಲ್ಲ ಕಡೆ ಬಳಕೆಯಲ್ಲಿರುವ ಪರಿಹಾರ ಯುಟಿಎಫ್-8. 1992ರ ಸೆಪ್ಟೆಂಬರಿನಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ಊಟಕ್ಕೆ ಕೂತಾಗ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಇದನ್ನು ಬರೆದರು.

3221 ದ್ವಿಮಾನದಲ್ಲಿ 110010010101. ಇದನ್ನು ಹದಿನಾರು ಬಿಟ್‌ಗೆ ಹಿಗ್ಗಿಸಿ 0000, 110010, 010101 ಎಂದು ಮೂರು ಭಾಗ ಮಾಡಿ. ಮೊದಲ ಡಬ್ಬಿಯ ಮುಂದೆ 1110 ಎಂದು ಬರೆಯುತ್ತಾರೆ; ಮೂರು 1 ಎಂದರೆ ‘ಈ ರೈಲಿಗೆ ಮೂರು ಡಬ್ಬಿ’. ಹಿಂದಿನ ಎರಡು ಡಬ್ಬಿಗಳ ಮುಂದೆ 10, ಅಂದರೆ ‘ನಾನು ಎಂಜಿನ್ ಅಲ್ಲ, ಹಿಂದೆ ಬರುವವನು’. ಆಗ ಸಿಗುವುದು 11100000 10110010 10010101. ಅಂದರೆ 224, 178, 149. ಆಸ್ಕಿ ಅಕ್ಷರಗಳು ಮಾತ್ರ 0ಯಿಂದ ಶುರುವಾಗಿ ಒಂದೇ ಡಬ್ಬಿಯಲ್ಲಿ ಹಾಗೇ ಉಳಿಯುತ್ತವೆ. ಹಳೆಯ ಇಂಗ್ಲಿಷ್ ಫೈಲುಗಳು ಏನೂ ಬದಲಾಗದೆ ಓದಲು ಸಿಗುತ್ತವೆ. ಫೈಲಿನ ನಡುವೆ ಎಲ್ಲಿ ಹೊಕ್ಕರೂ 10ರಿಂದ ಶುರುವಾಗುವ ಡಬ್ಬಿಗಳನ್ನು ದಾಟಿದರೆ ಮುಂದಿನ ಅಕ್ಷರ ಎಲ್ಲಿಂದ ಎಂದು ತಿಳಿಯುತ್ತದೆ. ಬೋದೊನ ಸಂಕೇತಕ್ಕಿದ್ದ ದೌರ್ಬಲ್ಯ ಇದಕ್ಕಿಲ್ಲ.

ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ‘ಕನ್ನಡ’ ಪದಕ್ಕೆ ಹದಿನೈದು. ಇಂಗ್ಲಿಷಿಗಿಂತ ಹೆಚ್ಚು ಜಾಗ ಎನ್ನುವುದು ನಿಜ, ಆದರೆ ಒಂದು ಸಣ್ಣ ಫೋಟೋದ ಮುಂದೆ ಇಡೀ ಕಾದಂಬರಿಯ ಪಠ್ಯವೂ ಹಗುರ. ಚುರುಕು ಮುಟ್ಟುವುದು ಎಸ್ಸೆಮ್ಮೆಸ್ಸಿನಲ್ಲಿ. ಒಂದು ಸಂದೇಶಕ್ಕೆ 140 ಬೈಟ್, ಅಂದರೆ 1120 ಬಿಟ್. ಇಂಗ್ಲಿಷಿನಲ್ಲಿ ಅಕ್ಷರಕ್ಕೆ ಏಳು ಬಿಟ್ ಸಾಕು, 160 ಅಕ್ಷರ ಹಿಡಿಯುತ್ತದೆ. ಕನ್ನಡದ ಸಂದೇಶಕ್ಕೆ ಅಲ್ಲಿ ಹದಿನಾರು ಬಿಟ್‌ನ ಬೇರೆ ವಿಧಾನ ಬಳಸುವುದರಿಂದ 70 ಸಂಕೇತಕ್ಕೇ ಮುಗಿಯುತ್ತದೆ. ಗುಣಿತ ಚಿಹ್ನೆ, ವಿರಾಮ ಎಲ್ಲ ಆ ಎಪ್ಪತ್ತರಲ್ಲೇ ಎಣಿಕೆ.

ಕಾಗುಣಿತ ಕಲಸಿದಂತೆ ಕಂಡಾಗ

ಇಷ್ಟು ತಿಳಿದಿದ್ದರೆ, ಓದಲಾಗದ ಫೈಲ್ ಎದುರಾದಾಗ ಏನಾಗಿದೆ ಎಂದು ಕಣ್ಣಲ್ಲೇ ಗುರುತಿಸಬಹುದು. ಗೆರೆ ಹೊತ್ತ ಸಣ್ಣ ಎ, ಅದರ ಪಕ್ಕ ಮೇಲಕ್ಕೆ ಏರಿಸಿದ ಪುಟ್ಟ 2 ಅಥವಾ ಪುಟ್ಟ 3 ಮತ್ತೆ ಮತ್ತೆ ಬರುತ್ತಿದ್ದರೆ ಅದು ಯುನಿಕೋಡ್ ಕನ್ನಡವೇ. ಯುರೋಪಿನ ಪಟ್ಟಿಯಲ್ಲಿ 224 ಎಂದರೆ ಗೆರೆ ಹೊತ್ತ ಸಣ್ಣ ಎ, 178 ಎಂದರೆ ಪುಟ್ಟ 2, 179 ಎಂದರೆ ಪುಟ್ಟ 3. ಕನ್ನಡದ ಪ್ರತಿ ಸಂಕೇತವೂ ಈ ಜೋಡಿಯಿಂದಲೇ ಶುರುವಾಗಬೇಕು. ತೆರೆಯುವಾಗ ಯುಟಿಎಫ್-8 ಎಂದು ಆರಿಸಿದರೆ ಸರಿಯಾಗುತ್ತದೆ. ಬರೀ ಚೌಕಗಳು ಕಂಡರೆ ಸಂಖ್ಯೆ ಸರಿಯಿದೆ, ಕನ್ನಡ ಫಾಂಟ್ ಇಲ್ಲ. ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಮಾತ್ರ ಹೆಚ್ಚಿನ ಸಲ ಕೆಟ್ಟ ಸುದ್ದಿ: ಯಾವುದೋ ತಂತ್ರಾಂಶ ಕನ್ನಡವಿಲ್ಲದ ಪಟ್ಟಿಯಲ್ಲಿ ಉಳಿಸಲು ಹೋಗಿ ಪ್ರತಿ ಅಕ್ಷರದ ಜಾಗದಲ್ಲೂ 63 ಎಂದು ಬರೆದಿದೆ. 63 ಪ್ರಶ್ನಾರ್ಥಕದ ಸಂಖ್ಯೆ. ಆ ಪ್ರತಿಯಲ್ಲಿ ಮೂಲ ಇನ್ನಿಲ್ಲ.

ದೊಡ್ಡ ಎ, ಪೌಂಡ್, ಪಿ ಬೆರೆತ ಸಾಲುಗಳಾದರೆ ಅವು ಫಾಂಟ್ ಕಾಲದವು, ಅವನ್ನು ಪರಿವರ್ತಕ ತಂತ್ರಾಂಶ ಯುನಿಕೋಡಿಗೆ ತರಬಲ್ಲದು. 80, 192 ಕಂಡರೆ 3221 ಎಂದು ಬರೆ. ಇಷ್ಟೇ ಆಗಿದ್ದರೆ ಕೆಲಸ ಸುಲಭವಿತ್ತು. ‘ಕರ್ನಾಟಕ’ವನ್ನು ನೋಡಿ. ಹಳೆಯ ಫೈಲಿನಲ್ಲಿ 80, 192, 163, 193, 240, 108, 80, 192 ಎಂದಿರುತ್ತದೆ. 163, 193 ಸೇರಿ ‘ನಾ’, ಅದರ ನಂತರದ 240 ಅರ್ಕಾವೊತ್ತು. ಕಣ್ಣಿಗೆ ಅದು ‘ನಾ’ ಆದ ಮೇಲೆ ಕಾಣುತ್ತದೆ, ಚಿತ್ರದ ತುಂಡಾಗಿ ಆ ಜಾಗದಲ್ಲೇ ಕೂತಿದೆ. ಆದರೆ ಬಾಯಿ ಮೊದಲು ಹೇಳುವುದು ‘ರ್’. ಪರಿವರ್ತಕ 240ನ್ನು ಕಂಡಾಗ ಒಂದು ಇಡೀ ಅಕ್ಷರದಷ್ಟು ಹಿಂದೆ ನಡೆದು, ‘ನಾ’ದ ಮುಂದೆ 3248, 3277 ಎಂದು ಸೇರಿಸಿ ಬರಬೇಕು. ಆಗ ಸಾಲು ಹೀಗಾಗುತ್ತದೆ: 3221, 3248, 3277, 3240, 3262, 3231, 3221. ಕ, ರ್, ನಾ, ಟ, ಕ.